ಅಪ್‌ಡೇಟ್: ಕಸೂತಿ ಸೀರೆಯ ಚಾರ್ಜ್‌ಬ್ಯಾಕ್ ದುಡ್ಡು ವಾಪಸ್ ಬಂತು

ಧಾರವಾಡದ ನಮ್ಮ ಅಂಗಡಿಯಿಂದ ಕಳಿಸಿದ ಕಸೂತಿ ಸೀರೆ ಸಿಕ್ಕಿಲ್ಲ ಅಂತ ಬ್ಯಾಂಕಿಗೆ ದೂರು ಹೋಗಿ, ನಮ್ಮ 6,800 ರೂಪಾಯಿ ಕಡಿತವಾಗಿತ್ತು (ಇದಕ್ಕೇ ಚಾರ್ಜ್‌ಬ್ಯಾಕ್ ಅನ್ನೋದು). ಏನು ಮಾಡಲಿ ಅಂತ ಹೋದ ತಿಂಗಳು ಕೇಳಿದ್ದೆ. ನಿನ್ನೆ ದುಡ್ಡು ವಾಪಸ್ ಬಂತು!

ಕೊರಿಯರ್‌ನವರಿಂದ ಸಹಿ ಇರುವ ಡೆಲಿವರಿ ಪುರಾವೆ ತರಿಸಿ ಅಂದವರಿಗೆ ತುಂಬಾ ಥ್ಯಾಂಕ್ಸ್, ಅದೇ ಕೆಲಸ ಮಾಡಿತು. ಬಿಲ್ಲು, "ಸೀರೆ ಚೆನ್ನಾಗಿದೆ" ಅನ್ನೋ ಗ್ರಾಹಕರ ವಾಟ್ಸಾಪ್ ಮೆಸೇಜನ್ನೂ ಸೇರಿಸಿ, ಪೇಮೆಂಟ್ ಗೇಟ್‌ವೇ (ಆನ್‌ಲೈನ್ ಪಾವತಿ ನಡೆಸಿಕೊಡುವ ಕಂಪನಿ) ಕೊಟ್ಟ ಗಡುವಿನೊಳಗೆ ಅಪ್‌ಲೋಡ್ ಮಾಡಿದೆ.

ದುಡ್ಡು ಕಟ್ಟುವಾಗ ಒಟಿಪಿ ಹಾಕಿದ್ದಾರಲ್ಲ ಅನ್ನೋ ವಾದ ನಡೆಯಲಿಲ್ಲ. ಅದು 'ಕಾರ್ಡ್ ಬಳಸಿದ್ದು ನಾನಲ್ಲ' ಅನ್ನೋ ದೂರಿಗೆ ಉತ್ತರ. ಮಾಲು ಸಿಗದ ದೂರಿಗೆ ವೀಸಾ ಕಾರ್ಡ್‌ಗಳ ನಿಯಮದಲ್ಲಿ 13.1 ಅಂತ ಬೇರೆ ಕೋಡೇ ಇದೆ. ಮೊದಲು ಕೋಡ್ ನೋಡಿ, ಆಮೇಲೆ ಉತ್ತರ ಬರೆಯಿರಿ.

ಆಮೇಲೆ ತಿಳಿದಿದ್ದು: ಕಾರ್ಡ್ ಸೀರೆ ತರಿಸಿಕೊಂಡ ಅಮ್ಮನ ಮಗನದು. ಸೀರೆ ಮನೆ ಮುಟ್ಟಿದ್ದು ಬೆಂಗಳೂರಿನಲ್ಲಿದ್ದ ಅವನಿಗೆ ಗೊತ್ತೇ ಇರಲಿಲ್ಲ.