ಹೊಸದನ್ನು ಬೇಕಂತಲೇ ಹಳತು ಮಾಡುವುದಕ್ಕೆ ‘ಮಾಸಿಸು’ ಅನ್ನಬಹುದಾ?

ಗೆಳೆಯರೇ, ನಮಸ್ಕಾರ.

ಒಂದು ಪದ ಬೇಕಾಗಿದೆ. ಕೇಳಿದ್ದು ನನ್ನ ಒಂಬತ್ತು ವರ್ಷದ ಮಗಳು.

ನಾವಿಬ್ಬರೂ ಸೇರಿ ಟಿ-55 ಅನ್ನುವ ಯುದ್ಧ ಟ್ಯಾಂಕಿನ ಪ್ಲಾಸ್ಟಿಕ್ ಮಾದರಿ ಕಟ್ಟುತ್ತಿದ್ದೇವೆ. 1:35 ಅಳತೆಯದು. ಅಂದರೆ ನಿಜವಾದ ಟ್ಯಾಂಕಿನ ಒಂದು ಮೀಟರ್ ಇಲ್ಲಿ ಮೂರು ಸೆಂಟಿಮೀಟರಿಗೂ ಕಡಿಮೆ. ಅದು 36 ಟನ್ ತೂಗುತ್ತದೆ, ನಮ್ಮದನ್ನು ಅವಳು ಒಂದೇ ಕೈಯಲ್ಲಿ ಎತ್ತುತ್ತಾಳೆ. ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯನವರ ‘ಸನ್ನಿಸೈಡ್’ ಮನೆ 2021ರಿಂದ ಸಂಗ್ರಹಾಲಯ ಆಗಿದೆಯಲ್ವಾ, ಅಲ್ಲಿ ಈ ಟ್ಯಾಂಕ್ ನೋಡಿ ಬಂದಾಗಿನಿಂದ ಅವಳಿಗೆ ಇದೇ ಧ್ಯಾನ.

ಅಂಟಿಸುವುದು ಮುಗಿಯಿತು. ಹಸಿರು ಬಣ್ಣವೂ ಚೆನ್ನಾಗಿ ಕೂತಿತು. ಮಾರನೇ ದಿನ ನಾನು ಕಂದು ಬಣ್ಣವನ್ನು ನೀರುನೀರಾಗಿ ಕಲಸಿ ಕುಂಚ ಅದ್ದಿದೆ. ಅವಳು ಕೈ ಹಿಡಿದುಕೊಂಡಳು. “ಅಪ್ಪಾ, ಇಷ್ಟು ಚೆನ್ನಾಗಿರೋದನ್ನ ಯಾಕೆ ಕೊಳೆ ಮಾಡ್ತೀಯ?”

“ಕೊಳೆ ಅಲ್ಲ ಪುಟ್ಟಾ, ಇದಕ್ಕೆ ವೆದರಿಂಗ್ ಅಂತಾರೆ” ಅಂದೆ. ಬಿಸಿಲು, ಮಳೆ, ಧೂಳಿನಲ್ಲಿ ಓಡಾಡಿದ ಗಾಡಿ ಹೇಗಿರುತ್ತೋ ಹಾಗೆ ಕಾಣಿಸೋದು ಅಂತ ಬಿಡಿಸಿ ಹೇಳಿದೆ. ಅದು ಅವಳಿಗೆ ತಿಳಿಯಿತು. ಆದರೆ “ಕನ್ನಡದಲ್ಲಿ ಏನಂತಾರೆ?” ಅಂದಾಗ ನಾನು ಸುಮ್ಮನಾದೆ.

ಟ್ಯಾಂಕಿಗೇ ಕನ್ನಡ ಪದ ಬೇಕು ಅಂತ ನಾನು ಕೇಳುತ್ತಿಲ್ಲ. ಆ ಹೆಸರಿಗೆ ಅದರದೇ ಕಥೆ ಇದೆ. ಬ್ರಿಟಿಷರು 1915ರಲ್ಲಿ ಇದನ್ನು ಗುಟ್ಟಾಗಿ ತಯಾರಿಸುವಾಗ, ನೋಡಿದವರು ನೀರಿನ ತೊಟ್ಟಿ ಅಂದುಕೊಳ್ಳಲಿ ಅಂತಲೇ ಇಟ್ಟ ಹೆಸರದು. 1916ರ ಸೆಪ್ಟೆಂಬರ್ 15ರಂದು ಫ್ರಾನ್ಸಿನ ಸೋಮ್ ಯುದ್ಧದಲ್ಲಿ ಮೊದಲ ಸಲ ಕಣಕ್ಕಿಳಿಯಿತು. ಅಷ್ಟರಲ್ಲಿ ಹೆಸರು ಅಂಟಿಕೊಂಡಾಗಿತ್ತು. ನಮ್ಮ ಮಹಡಿ ಮೇಲಿನ ಟ್ಯಾಂಕಿಗೂ ಇದಕ್ಕೂ ಒಂದೇ ಹೆಸರು ಯಾಕೆ ಅಂತ ಮಗಳು ಕೇಳಿದ್ದಳು. ಅದಕ್ಕೆ ಉತ್ತರ ಇತ್ತು.

ವೆದರಿಂಗ್ ವಿಷಯಕ್ಕೆ ಬರೋಣ. ಶಾಲೆಯ ಭೂಗೋಳ ಪಾಠದಲ್ಲಿ ಬಂಡೆಗಳಿಗೆ ಆಗುವುದನ್ನು ‘ಶಿಥಿಲೀಕರಣ’ ಅನ್ನುತ್ತಾರೆ. ಅಲ್ಲಿ ಅದು ಸರಿ. ಆದರೆ ಶಿಥಿಲ ಅಂದ ಕೂಡಲೇ ಬೀಳುವಂತಿರುವ ಗೋಡೆ ಕಣ್ಣಿಗೆ ಬರುತ್ತದೆ. ನಮ್ಮ ಟ್ಯಾಂಕ್ ಬೀಳುವ ಸ್ಥಿತಿಯಲ್ಲಿಲ್ಲ, ಗಟ್ಟಿಮುಟ್ಟಾಗಿದೆ, ಬರೀ ದುಡಿದಿದೆ. ‘ಸವೆಸು’ ಅಂದರೆ ನಿಜವಾಗಿಯೂ ಉಜ್ಜಿ ಕಡಿಮೆ ಮಾಡಿದಂತೆ. ‘ಹಳತಾಗಿಸು’ ಅರ್ಥವಾಗುತ್ತದೆ, ಆದರೆ ಬಾಯಿಗೆ ಬರುವ ಮಾತಲ್ಲ.

ಇದರೊಳಗಿನ ಚಿಕ್ಕ ಚಿಕ್ಕ ಕೆಲಸಗಳಿಗೆ ಮಾತ್ರ ಪದ ಹುಡುಕಬೇಕಾಗಲೇ ಇಲ್ಲ. ನನಗೆ ಖುಷಿ ಕೊಟ್ಟದ್ದು ಇದು. ನೀರಾಗಿ ಕಲಸಿದ ಬಣ್ಣ ಸಂದಿಗೊಂದಿಗೆ ಇಳಿಯುವಂತೆ ಬಿಡುವುದನ್ನು ಇಂಗ್ಲಿಷಿನಲ್ಲಿ ವಾಶ್ ಅನ್ನುತ್ತಾರೆ. ‘ತೊಳೆ’ ಅಂದರೆ ಪೂರ್ತಿ ಉಲ್ಟಾ ಆಗುತ್ತದೆ. ನಾವು ಗದ್ದೆಗೆ ನೀರು ಹಾಯಿಸುತ್ತೇವಲ್ಲ, ಹಾಗೆ ‘ಬಣ್ಣ ಹಾಯಿಸು’ ಅಂದೆ. ಮಗಳು ತಕ್ಷಣ ಕುಂಚದ ತುದಿಯಿಂದ ಒಂದು ಹನಿ ಬಿಟ್ಟು, ಅದು ಗೆರೆ ಹಿಡಿದು ಓಡುವುದನ್ನು ನೋಡುತ್ತಾ ಕೂತಳು. ಕುಂಚವನ್ನು ಹಳೇ ಬಟ್ಟೆಗೆ ಒರೆಸಿ, ಉಳಿದ ಚೂರುಪಾರು ಬಣ್ಣವನ್ನು ಉಬ್ಬಿದ ಅಂಚುಗಳ ಮೇಲಷ್ಟೇ ಆಡಿಸುವುದು ‘ಸವರು’. ಗೋಡೆಗೆ ಸುಣ್ಣ ಬಳಿಯುತ್ತೇವೆ, ಗಾಯಕ್ಕೆ ಮುಲಾಮು ಹಚ್ಚುತ್ತೇವೆ, ಮಗುವಿನ ತಲೆ ಸವರುತ್ತೇವೆ. ಮೂರರಲ್ಲೂ ಕೈಯ ಭಾರ ಬೇರೆ ಬೇರೆ, ಅಲ್ವಾ? ಗಿಡಗಂಟಿ ಸವರುವುದು ಅಂತ ಕತ್ತಿಯ ಕೆಲಸಕ್ಕೂ ಈ ಪದ ಇದೆ, ಆದರೆ ಕುಂಚ ಕೈಯಲ್ಲಿರುವಾಗ ಗೊಂದಲ ಬಾರದು.

ಸಿಬ್ಬಂದಿ ಹತ್ತಿ ಇಳಿಯುವ ಕಡೆ, ಮುಚ್ಚಳದ ಅಂಚಿನಲ್ಲಿ ಬಣ್ಣ ಕಿತ್ತು ಹೋಗಿರುತ್ತದೆ. ಪಾತ್ರೆ ತಿಕ್ಕುವ ಸ್ಪಂಜಿನ ಚೂರಿಗೆ ಗಾಢ ಕಂದು ತಾಗಿಸಿ ಅಲ್ಲಲ್ಲಿ ಒತ್ತಿದರೆ ಹಾಗೇ ಕಾಣುತ್ತದೆ. ಇದಕ್ಕೆ ‘ಚಕ್ಕೆ ಎಬ್ಬಿಸು’ ಅನ್ನುತ್ತಿದ್ದೇವೆ. ಎಡಗಡೆ ಹಿಂಭಾಗದಲ್ಲಿ ಹೊಗೆ ಬರುವ ಕಿಂಡಿಗೆ ಮಸಿ. ಕೆಳಭಾಗಕ್ಕೆ ಧೂಳು ಜಾಸ್ತಿ, ಮೇಲೆ ಹೋದಂತೆ ಕಡಿಮೆ. ಧೂಳಿಗೆ ಕೆಮ್ಮಣ್ಣನ್ನು ತೆಳು ಬಟ್ಟೆಯಲ್ಲಿ ಜರಡಿ ಹಿಡಿದೆವು. ನನ್ನ ಅಮ್ಮ ನೋಡಿ “ವಸ್ತ್ರಗಾಳಿತ ಮಾಡ್ತಿದೀರಾ?” ಅಂದರು. ಎಷ್ಟೋ ವರ್ಷದ ಮೇಲೆ ಆ ಪದ ಕಿವಿಗೆ ಬಿತ್ತು.

ಒಟ್ಟು ಕೆಲಸಕ್ಕೂ ಅಮ್ಮ ಒಂದು ಪದ ಕೊಟ್ಟರು: ‘ಪಳಗಿಸು’. ಹೊಸ ದೋಸೆ ಕಾವಲಿಯನ್ನು ಎಣ್ಣೆ ಸವರಿ, ಕಾಯಿಸಿ ಪಳಗಿಸುತ್ತೇವಲ್ಲ, ಹಾಗೆ. ತುಂಬಾ ಇಷ್ಟವಾಯಿತು. ಒಂದೇ ತೊಡಕು. ಪಳಗಿದ ಕಾವಲಿಯ ಗುಣವೇ ಬದಲಾಗುತ್ತದೆ. ನಮ್ಮ ಟ್ಯಾಂಕಿನಲ್ಲಿ ಬದಲಾಗುವುದು ನೋಟ ಮಾತ್ರ.

ಹಾಗಾಗಿ ನನ್ನ ಮನಸ್ಸು ‘ಮಾಸು’ ಕಡೆಗೆ ಹೋಗಿದೆ. ಈ ಪದದ ಒಳಗೆ ಎರಡು ದಾರಿ ಇವೆ. ಬಟ್ಟೆ ಮಾಸಿದೆ ಅಂದರೆ ಕೊಳೆ ಸೇರಿದೆ. ಬಣ್ಣ ಮಾಸಿದೆ ಅಂದರೆ ಇದ್ದದ್ದು ಹೋಗಿದೆ. ಒಂದರಲ್ಲಿ ಸೇರುವುದು, ಇನ್ನೊಂದರಲ್ಲಿ ಕಳೆಯುವುದು. ಗಾಯ ಮಾಸುವುದು, ನೆನಪು ಮಾಸುವುದು ಈ ಎರಡನೆಯ ದಾರಿಯವು. ಟ್ಯಾಂಕಿನ ಮೇಲೆ ನಾವು ಮಾಡುವುದೂ ಇವೆರಡನ್ನೇ: ಹಸಿರನ್ನು ಬಿಸಿಲಿಗೆ ಬಿಳಿಚಿದಂತೆ ಮಾಡುತ್ತೇವೆ, ಅದರ ಮೇಲೆ ಧೂಳು, ಮಸಿ, ಜಿಡ್ಡು ಕೂರಿಸುತ್ತೇವೆ. ಎರಡನ್ನೂ ಒಟ್ಟಿಗೆ ಹೇಳುವ ಬೇರೆ ಕನ್ನಡ ಪದ ನನಗೆ ಸಿಕ್ಕಿಲ್ಲ.

ಒಣಗು, ಒಣಗಿಸು ಇದ್ದಂತೆ ಮಾಸು, ಮಾಸಿಸು ಆಗಬೇಕಲ್ಲ? ‘ಸಿಸು’ ಅಂತ ಎರಡು ಸಕಾರ ಒಟ್ಟಿಗೆ ಬಂದು ನಾಲಿಗೆಗೆ ಸ್ವಲ್ಪ ತಡೆಯುತ್ತದೆ. ಆದರೆ ಜೋಳ ಬೀಸಿಸು, ಚಾಪೆ ಹಾಸಿಸು ಅಂತೀವಲ್ಲ. ದನ ಕರು ಹಾಕಿದಾಗ ಬೀಳುವ ‘ಮಾಸು’ ಬೇರೆ ಪದ. ಅದರ ನೆರಳು ಇಲ್ಲಿ ಬೀಳುತ್ತದೆ ಅಂತ ನನಗೆ ಅನ್ನಿಸುವುದಿಲ್ಲ. ದನ ಸಾಕಿದವರು ಹೇಳಬೇಕು.

ನನ್ನ ಪ್ರಶ್ನೆ ಇಷ್ಟು. ‘ಮಾಸಿಸು’ ಅನ್ನುವುದನ್ನು ಯಾರಾದರೂ ಮಾತಿನಲ್ಲಿ ಕೇಳಿದ್ದೀರಾ? ನಾಟಕದವರು ಬಡವನ ಪಾತ್ರಕ್ಕೆ ಹೊಸ ಪಂಚೆಯನ್ನು ಹಳೆಯದರಂತೆ ಮಾಡುತ್ತಾರೆ, ಪರದೆ ಬರೆಯುವವರು ಹಳೇ ಗೋಡೆ ತೋರಿಸುತ್ತಾರೆ, ಬಡಗಿಗಳು ಹೊಸ ಮರಕ್ಕೆ ಹಳೇ ಮರದ ಕಳೆ ಕೊಡುತ್ತಾರೆ. ಅವರ ನಡುವೆ ಇದಕ್ಕೊಂದು ಮಾತು ಇದ್ದೇ ಇರಬೇಕು. ಉತ್ತರ ಕರ್ನಾಟಕದ ಗೆಳೆಯರು ತುಕ್ಕಿಗೆ ‘ಜಂಗು’ ಅನ್ನುತ್ತೀರಿ, ಮಾಸಿದ ಅರಿವಿ ಅನ್ನುತ್ತೀರಿ. ಮಾಸುವಂತೆ ಮಾಡುವುದಕ್ಕೆ ಏನನ್ನುತ್ತೀರಿ?

ಟ್ಯಾಂಕಿನ ಎಡಬದಿ ಆಗಿದೆ. ಬಲಬದಿಯನ್ನು ಮಗಳು ಭಾನುವಾರ ತಾನೇ ಮಾಡುತ್ತೇನೆ ಅಂದಿದ್ದಾಳೆ. ಅಷ್ಟರೊಳಗೆ ಪದ ಸಿಕ್ಕಿದರೆ ಅವಳಿಗೆ ಹೇಳುತ್ತೇನೆ.