ಸಹಾಯ ಬೇಕು: ಟ್ಯೂರಿಂಗ್ ಹಣದಲ್ಲಿ ಜರ್ಮನಿಗೆ ಹೋದವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನಾನು ಹಾಸನದವಳು, ಇಂಗ್ಲೆಂಡ್‌ನಲ್ಲಿ ಡಿಗ್ರಿ ಓದುತ್ತಿದ್ದೇನೆ. ಅಕ್ಟೋಬರ್‌ನಿಂದ ಜರ್ಮನಿಯಲ್ಲಿ ಒಂದು ಸೆಮಿಸ್ಟರ್ ಓದಲು ಸೀಟು ಸಿಕ್ಕಿದೆ. ದುಡ್ಡಿನದೇ ತಲೆನೋವು.

ಬ್ರಿಟನ್ ಯುರೋಪಿಯನ್ ಒಕ್ಕೂಟ ಬಿಟ್ಟ ಮೇಲೆ ಎರಾಸ್ಮಸ್ (ಯುರೋಪಿನ ವಿದ್ಯಾರ್ಥಿ ವಿನಿಮಯ ಯೋಜನೆ) ಕೈತಪ್ಪಿ, 2021ರಲ್ಲಿ ಹೊರದೇಶದಲ್ಲಿ ಓದಲು ಬ್ರಿಟನ್ ಸರ್ಕಾರವೇ ಹಣ ಕೊಡುವ ಟ್ಯೂರಿಂಗ್ ಸ್ಕೀಮ್ ಬಂತು. 2024ರಿಂದ ಒಕ್ಕೂಟದ ಸಂಶೋಧನಾ ನಿಧಿ ಹೊರೈಜನ್ ಯುರೋಪ್ ಬ್ರಿಟನ್‌ಗೆ ಮತ್ತೆ ತೆರೆದಿದೆ, ಆದರೆ ಅದು ಸಂಶೋಧಕರಿಗೆ. ನಮ್ಮಂಥವರಿಗಲ್ಲ ಅಲ್ವಾ! ಕಾಲೇಜಿನ ಆಫೀಸಿನಲ್ಲಿ ಕೇಳಿದರೆ ಒಂದು ಫಾರ್ಮ್ ಕೊಟ್ಟು, "ಹಣ ಬಂದರೆ ಮೇಲ್ ಮಾಡ್ತೀವಿ" ಎಂದರು. ಒಂದು ತಿಂಗಳಾಯಿತು. ಅಮ್ಮ ಆಗಲೇ ಚಟ್ನಿಪುಡಿ ಕಳಿಸಿಬಿಟ್ಟಿದ್ದಾರೆ.

ಭಾರತದ ಪಾಸ್‌ಪೋರ್ಟ್‌ನಲ್ಲಿ ಹೀಗೆ ಹೋದವರು ದಯವಿಟ್ಟು ತಿಳಿಸಿ. ಹಣ ಕೈಗೆ ಬಂದದ್ದು ಹೊರಡುವ ಮುಂಚೆಯೋ, ಆಮೇಲೋ? ವೀಸಾಗೆ ಬ್ಯಾಂಕಿನಲ್ಲಿ ಎಷ್ಟು ತೋರಿಸಿದಿರಿ? ಟ್ಯೂರಿಂಗ್ ಪತ್ರ ತೋರಿಸಿದರೆ ಸಾಕಾಯಿತಾ?