ಎತ್ತಿಟ್ಟ ಹಣ್ಣು ತಿಂದೆ, ಕ್ಷಮಿಸು: ಇದು ಕವಿತೆ ಹೇಗಾಯ್ತು?

ಕೊಪ್ಪಳದ ಓದುಗ:
ನಮ್ಮ ಬಳಗದಲ್ಲಿ ನಿನ್ನೆ ಅಮೆರಿಕದ ಕವಿ ವಿಲಿಯಂ ಕಾರ್ಲೋಸ್ ವಿಲಿಯಮ್ಸ್ ಅವರ 1934ರ ಒಂದು ಪುಟ್ಟ ಕವಿತೆ ಓದಿದೆವು. ಇಂಗ್ಲಿಷಿನಲ್ಲಿ ಬರೀ 28 ಪದ. ಸಾರ ಇಷ್ಟು: ಐಸ್‌ಪೆಟ್ಟಿಗೆಯಲ್ಲಿದ್ದ ಪ್ಲಮ್ ಹಣ್ಣು ತಿಂದುಬಿಟ್ಟೆ, ನೀನು ಬಹುಶಃ ಬೆಳಗಿನ ತಿಂಡಿಗೆ ಎತ್ತಿಟ್ಟಿದ್ದೆ, ಕ್ಷಮಿಸು, ರುಚಿಯಾಗಿದ್ದವು, ಅಷ್ಟು ಸಿಹಿ, ಅಷ್ಟು ತಣ್ಣಗೆ. ಇದು ಅಡುಗೆಮನೆ ಚೀಟಿ ಅಲ್ವಾ? ಸಾಲು ಮುರಿದು ಬರೆದರೆ ಕವಿತೆ ಆಗಿಬಿಡುತ್ತಾ?

ಸಿಂಧನೂರು ಹುಡುಗಿ:
ಚೀಟಿ ಅನ್ನೋದು ಸರಿ ಸರ್. ಆದರೆ ಚೀಟಿ ಬರೆಯುವವರು 'ಕ್ಷಮಿಸು' ಅಂದಮೇಲೆ ನಿಲ್ಲಿಸುತ್ತಾರೆ. ಇವರು ನಿಲ್ಲಿಸಲಿಲ್ಲ. ನಮ್ಮ ಮನೆಯಲ್ಲಿ ನೆಲುವಿನ ಮೇಲೆ ಮೊಸರಿನ ಗಡಿಗೆ ಇರುತ್ತಿತ್ತು. ಅಣ್ಣ ಕೆನೆ ತಿಂದು, ತಪ್ಪಾಯ್ತವ್ವಾ ಅಂದು, ಮರುಗಳಿಗೆಗೆ 'ಭಾಳ ಚಲೋ ಇತ್ತು' ಅನ್ನುತ್ತಿದ್ದ. ಅವ್ವನಿಗೆ ಬೈಯಬೇಕೋ ನಗಬೇಕೋ ತಿಳಿಯುತ್ತಿರಲಿಲ್ಲ. ಕವಿತೆ ಇರೋದು ಅಲ್ಲೇ. ಇನ್ನು 'ಅಷ್ಟು ತಣ್ಣಗೆ' ಅನ್ನೋ ಕೊನೆಯ ಮಾತು. ಮೇ ತಿಂಗಳ ರಾಯಚೂರು ಬಿಸಿಲು ಉಂಡವರಿಗೆ ಅದನ್ನ ಬಿಡಿಸಿ ಹೇಳಬೇಕಾ?

ಗಂಗಾವತಿ ಅಕ್ಕ:
ನನ್ನ ತಕರಾರು ಬೇರೆ. ಎತ್ತಿಟ್ಟವಳ ಮಾತು ಎಲ್ಲಿದೆ? ನಾನು ಐದಕ್ಕೆ ಎದ್ದು ರೊಟ್ಟಿ ಬಡಿದು, ಬಟ್ಟೆ ಸುತ್ತಿ ಬುಟ್ಟಿಯಲ್ಲಿ ಇಡುತ್ತೇನೆ. ಕೊನೆಯ ಎರಡು ನನಗೆ. ಹನ್ನೊಂದಕ್ಕೆ ಬಂದು ನೋಡಿದರೆ ಬುಟ್ಟಿ ಖಾಲಿ. ಮೆತ್ತಗೆ ಮಸ್ತ್ ಇದ್ದವು ಅಂದರೆ ನನ್ನ ಹೊಟ್ಟೆ ತುಂಬುತ್ತಾ? ಮತ್ತೆ ಹಿಟ್ಟು ನಾದಬೇಕು, ಹಂಚು ಇಡಬೇಕು. ಕವಿತೆ ಚೆನ್ನಾಗಿದೆ, ಇಲ್ಲ ಅನ್ನಲ್ಲ. ಆದರೆ ಅದು ತಿಂದವನ ಕವಿತೆ.

ಲಿಂಗಸುಗೂರು ಮೇಷ್ಟ್ರು:
ಅಕ್ಕಾ, ಎತ್ತಿಡುವವಳ ಮಾತು ನಮ್ಮ ಕಡೆ 12ನೇ ಶತಮಾನದಲ್ಲೇ ಬಂದಿದೆ. ನಮ್ಮ ತಾಲ್ಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದ ಆಯ್ದಕ್ಕಿ ಮಾರಯ್ಯ ಒಂದು ದಿನ ಬೇಕಾದ್ದಕ್ಕಿಂತ ಜಾಸ್ತಿ ಅಕ್ಕಿ ಆಯ್ದು ತಂದ. ಅವನ ಹೆಂಡತಿ ಲಕ್ಕಮ್ಮ, ಇಷ್ಟು ನಮಗ್ಯಾಕೆ, ಹೋಗಿ ಅಲ್ಲೇ ಸುರಿದು ಬಾ ಅಂದಳು. ಅಡುಗೆಮನೆಯಲ್ಲಿ ನಿಂತು ಆಡಿದ ಮಾತು, ವಚನವಾಯಿತು.

ಕೊಪ್ಪಳದ ಓದುಗ:
ಮೇಷ್ಟ್ರೇ, ಲಕ್ಕಮ್ಮನ ಮಾತಲ್ಲಿ ಒಂದು ನಿಲುವು ಇದೆ. ಇಲ್ಲಿ ಬರೀ ಹಣ್ಣು ಇದೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಬಳ್ಳಾರಿ ನರ್ಸ್:
ವಿಲಿಯಮ್ಸ್ ಡಾಕ್ಟರ್ ಆಗಿದ್ದವರು. ಹೊತ್ತಲ್ಲದ ಹೊತ್ತಲ್ಲಿ ಮನೆಗೆ ಬಂದು ಕೈಗೆ ಸಿಕ್ಕಿದ್ದು ತಿನ್ನೋದು ನಮ್ಮ ಕೆಲಸದವರಿಗೆ ಗೊತ್ತು. ನೈಟ್ ಡ್ಯೂಟಿ ಮುಗಿಸಿ ಬಂದಾಗ ಮುಚ್ಚಿಟ್ಟ ತಟ್ಟೆ ಕಂಡರೆ ಕಣ್ಣು ತುಂಬುತ್ತೆ. ಅಕ್ಕ, ನೀವು ಕೇಳಿದ ಉತ್ತರ ಇದೆ. ಹೆಂಡತಿ ಫ್ಲಾಸಿ ಬಿಟ್ಟುಹೋದ ಚೀಟಿಯಿಂದ ವಿಲಿಯಮ್ಸ್ ಇನ್ನೊಂದು ಪದ್ಯ ಮಾಡಿದ್ದರು. 1982ರಲ್ಲಿ, ಅವರು ತೀರಿಕೊಂಡ ಎಷ್ಟೋ ವರ್ಷದ ಮೇಲೆ, ಅಚ್ಚಾಯಿತು. ಅದರಲ್ಲಿ ಸಿಟ್ಟಿಲ್ಲ. ಸ್ಯಾಂಡ್‌ವಿಚ್ ಇದೆ, ತಣ್ಣನೆಯ ಕಾಫಿ ಇದೆ, ಟೀ ಸೊಪ್ಪು ಹಾಕಿಟ್ಟಿದೆ, ಗ್ಯಾಸ್ ಹಚ್ಚಿಕೋ ಅಂತ.

ಗಂಗಾವತಿ ಅಕ್ಕ:
ಗ್ಯಾಸ್ ಹಚ್ಚಿಕೋ! ಇದು ಗೊತ್ತಿರಲಿಲ್ಲ. ಅವಳು ಮತ್ತೆ ಎಲ್ಲಾ ಎತ್ತಿಟ್ಟೇ ಹೋಗಿದ್ದಾಳೆ ನೋಡಿ.

ಕೊಪ್ಪಳದ ಓದುಗ:
ಅಕ್ಕನ ಮಾತು ಓದಿ ಎದ್ದು ಹೋಗಿ ನಮ್ಮ ರೊಟ್ಟಿ ಬುಟ್ಟಿ ನೋಡಿದೆ. ಎರಡು ಇದ್ದವು. ಯಾರಿಗೆ ಅಂತ ಇಷ್ಟು ವರ್ಷ ಕೇಳಿರಲಿಲ್ಲ. ಹಣ್ಣಿನ ಪದ್ಯದ ಬಗ್ಗೆ ನನ್ನ ಅನುಮಾನ ಇನ್ನೂ ಹೋಗಿಲ್ಲ. ಫ್ಲಾಸಿಯ ಉತ್ತರವನ್ನ ಯಾರಾದರೂ ಕನ್ನಡಕ್ಕೆ ತನ್ನಿ, ಮುಂದಿನ ವಾರ ಎರಡನ್ನೂ ಒಟ್ಟಿಗೆ ಓದೋಣ.